ನಮ್ಮ ಏಕಾದಶಿ, ಅವರ ಏಕಾದಶಿ

ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಎರಡು ಕಾಲಗಳು ಅಕ್ಕಪಕ್ಕದಲ್ಲಿ ತೂಗಾಡುತ್ತಿವೆ. ಒಂದು, ಕಿರಾಣಿ ಅಂಗಡಿಯವರು ಪ್ರತಿ ವರ್ಷ ಕೊಡುವ ತಮಿಳು ಕ್ಯಾಲೆಂಡರ್. ದಿನಕ್ಕೊಂದು ಹಾಳೆ, ಹರಿದು ತೆಗೆಯುವಂಥದ್ದು. ಇನ್ನೊಂದು, ಊರ ಕಡೆಯಿಂದ ಯಾರಾದರೂ ತಂದುಕೊಡುವ ಮಠದ ಪಂಚಾಂಗ. ತೆಳ್ಳಗಿನ ಪುಸ್ತಕ, ಮೂಲೆಗೆ ತೂತು ಮಾಡಿ ನಾನೇ ದಾರ ಪೋಣಿಸಿದ್ದೇನೆ. ಗ್ಯಾಸು, ರಾಹುಕಾಲ, ಶಾಲೆಯ ರಜೆ, ಕರೆಂಟು ತೆಗೆಯುವ ದಿನ ಇವೆಲ್ಲ ಮೊದಲನೆಯದರ ಪಾಲು. ಹಬ್ಬ, ಶ್ರಾದ್ಧ, ಏಕಾದಶಿ ಎರಡನೆಯದರದು. "ಒಂದು ಬಾಡಿಗೆ ಮನೆ, ಇನ್ನೊಂದು ಸ್ವಂತ ಮನೆ" ಎನ್ನುತ್ತಾರೆ ನಮ್ಮ ಯಜಮಾನರು. ಯಾವುದು ಯಾವುದೆಂದು ಅವರು ಹೇಳಿಲ್ಲ. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವವರು ನಾವು, ನಾನೂ ಕೇಳಿಲ್ಲ.

ಹರಿದ ಹಾಳೆಗಳನ್ನು ನಾನು ಬಿಸಾಡುವುದಿಲ್ಲ. ಹಿಂಬದಿ ಖಾಲಿಯಿರುತ್ತದೆ, ಸಾಮಾನಿನ ಪಟ್ಟಿ ಬರೆಯಲು ಅನುಕೂಲ. ಆದರೆ ದಿನಾ ಹರಿಯುವ ಶಿಸ್ತು ನನಗಿಲ್ಲ. ಪಟ್ಟಿ ಬರೆಯಬೇಕಾದಾಗ ನಾಲ್ಕೈದು ದಿನಗಳನ್ನು ಒಟ್ಟಿಗೆ ಹರಿಯುತ್ತೇನೆ. ಹಾಗಾಗಿ ನಮ್ಮ ಮನೆಯಲ್ಲಿ ಊರಿಗೆಲ್ಲ ಸೋಮವಾರವಾದರೂ ಒಮ್ಮೊಮ್ಮೆ ಗುರುವಾರವೇ ನಡೆಯುತ್ತಿರುತ್ತದೆ. ಇಪ್ಪತ್ತೆಂಟು ವರ್ಷ ಶಾಲೆಗಳಲ್ಲಿ ಭೂಗೋಳ ಕಲಿಸಿ ಮನೆಗೆ ಬಂದವಳಿಗೆ ವಾರದ ಹಂಗೇಕೆ? ಪಾಠ ಮಾಡುವಾಗ ಅಂತರರಾಷ್ಟ್ರೀಯ ದಿನಾಂಕ ರೇಖೆಯನ್ನು ಬೋರ್ಡಿನ ಮೇಲೆ ಅಂಕುಡೊಂಕಾಗಿ ಎಳೆದು, "ಮಕ್ಕಳೇ, ಗೆರೆಯ ಈಚೆ ಗುರುವಾರ, ಆಚೆ ಶುಕ್ರವಾರ. ಭೂಮಿ ಒಂದೇ" ಎಂದು ಎಷ್ಟು ಸಲ ಹೇಳಿದ್ದೇನೋ. ಆ ಗೆರೆ ಶಾಂತಸಾಗರದಲ್ಲಿದೆ ಎಂದೇ ನಾನು ನಂಬಿದ್ದೆ.

ಗೆರೆ ನನ್ನ ಪರಿಚಯಕ್ಕೆ ಬಂದದ್ದು ನಿಜವಾಗಿ ಎಂಟನೆಯ ವಯಸ್ಸಿನಲ್ಲಿ, ಮದ್ರಾಸಿನ ತಿರುವಲ್ಲಿಕ್ಕೇಣಿಯ ನಮ್ಮ ಅಜ್ಜನ ಮನೆಯ ಹಿತ್ತಲಿನಲ್ಲಿ. ಪಕ್ಕದಲ್ಲಿ ಅಯ್ಯರ್ ಕುಟುಂಬ. ನಡುವೆ ನನ್ನ ಎದೆಮಟ್ಟದ ಒಂದು ಗೋಡೆ. ಹೆಚ್ಚಿನ ತಿಂಗಳು ಅವರ ಏಕಾದಶಿಯೂ ನಮ್ಮದೂ ಒಂದೇ ದಿನ. ಕೆಲವೊಮ್ಮೆ ಬೆಳಗಿನ ಜಾವದಲ್ಲಿ ದಶಮಿಯ ಸೋಂಕು ಒಂದಿಷ್ಟು ಉಳಿದಿರುತ್ತದೆ. ಅಷ್ಟಕ್ಕೇ ನಮ್ಮ ಮಾಧ್ವರು ಆ ದಿನವನ್ನು ಬಿಟ್ಟು ಮರುದಿನ ಉಪವಾಸ ಮಾಡುತ್ತಾರೆ. ಅಯ್ಯರ್‌ಗಳಿಗೆ ಆ ಲೆಕ್ಕವಿಲ್ಲ. ಅಂದರೆ ನಾವು ಉಪವಾಸವಿದ್ದ ದಿನ ಅವರ ಮನೆಯಲ್ಲಿ ದ್ವಾದಶಿಯ ಪಾರಣೆ: ಬೆಳಗ್ಗೆ ಏಳಕ್ಕೇ ಎಲೆ ಹಾಕಿ ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಪಚ್ಚಡಿ, ಬಿಸಿ ಅನ್ನ. ನಾನು ಗೋಡೆ ಹತ್ತಿ ಆಚೆ ಇಳಿಯುತ್ತಿದ್ದೆ. ಆ ಮನೆಯ ಮಾಮಿ, "ಏಂಡೀ, ಇವತ್ತು ನಿಮ್ಮಲ್ಲಿ ಉಪವಾಸ ಅಲ್ಲವೋ?" ಎಂದರೆ, "ಗೋಡೆಯ ಆ ಕಡೆ ಮಾತ್ರ ಮಾಮಿ" ಎನ್ನುತ್ತಿದ್ದೆನಂತೆ. ನಮ್ಮಜ್ಜಿ ನನ್ನ ಕೈ ಮೂಸಿ ನೋಡಿ ಪತ್ತೆ ಹಚ್ಚುತ್ತಿದ್ದಳು. ಪೆಟ್ಟು ಬಿದ್ದದ್ದೂ ಉಂಟು. ಆದರೂ ಎರಡು ದಿನಗಳನ್ನು ಹೀಗೆ ಒಂದೇ ಹೊಟ್ಟೆಯಲ್ಲಿಟ್ಟುಕೊಂಡು ಬೆಳೆದವಳು ನಾನು ಎಂಬುದು ನಿಮ್ಮ ಗಮನದಲ್ಲಿರಲಿ. ನನಗೆ ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಮದುವೆಯಾದ ಮೇಲೆ ಯಜಮಾನರ ಕೆಲಸದ ಹಿಂದೆ ದೇಶ ಸುತ್ತಿದೆವು. ಆರು ವರ್ಷ ಮಸ್ಕತ್, ನಾಲ್ಕು ವರ್ಷ ಇಂಗ್ಲೆಂಡಿನ ನಡುಭಾಗದ ಒಂದು ಊರು. ತಂಗಿ ಸಿಂಗಾಪುರದಲ್ಲಿದ್ದುದರಿಂದ ಅಲ್ಲಿಗೂ ಹೋಗಿ ತಿಂಗಳುಗಟ್ಟಲೆ ಇದ್ದು ಬಂದಿದ್ದೇನೆ. ಮೇಷ್ಟ್ರುಗಳಿಗೆ ಒಂದು ಕೆಟ್ಟ ಅಭ್ಯಾಸ, ಕಂಡದ್ದಕ್ಕೆಲ್ಲ ಮಾರ್ಕು ಹಾಕುವುದು. ಊಟವಾಗಿ ಅಡಿಕೆ ಬಾಯಿಗೆ ಬಿದ್ದರೆ ಸಾಕು, ಯಾವ ದೇಶ ಪರಕೀಯರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬ ನನ್ನ ಪಾಠ ಶುರುವಾಗುತ್ತಿತ್ತು. ಯಜಮಾನರು ಆ ಹೊತ್ತಿಗೆ ಸರಿಯಾಗಿ ಕೈ ತೊಳೆಯಲು ಏಳುತ್ತಿದ್ದರು.

ಮಸ್ಕತ್ತಿನಲ್ಲಿ ಯಾರೂ ನಮ್ಮನ್ನು ಒಂದು ಮಾತು ಅಂದವರಲ್ಲ. ಆದರೆ ಕಚೇರಿಯ ಕಿಟಕಿಯ ಮುಂದೆ ನಿಂತರೆ ಯಾವ ಪಾಸ್‌ಪೋರ್ಟಿನವರು ಮೊದಲು, ಯಾರು ಆಮೇಲೆ ಎಂಬುದು ಬೋರ್ಡು ಇಲ್ಲದೆಯೇ ಎಲ್ಲರಿಗೂ ತಿಳಿದಿತ್ತು. ನಮ್ಮ ಮುಂದೆ ಯಾರಿದ್ದಾರೆ ಎಂದು ನಾನು ಮನೆಗೆ ಬಂದು ಬಯ್ಯುತ್ತಿದ್ದೆ. ನಮ್ಮ ಹಿಂದೆ ಯಾರಿದ್ದಾರೆ ಎಂದು ನೋಡಿ ಒಳಗೊಳಗೇ ಸಮಾಧಾನಪಟ್ಟದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಇವತ್ತು ಹೇಳುತ್ತಿದ್ದೇನೆ. ಸಿಂಗಾಪುರದಲ್ಲಿ ಸರ್ಕಾರದ ಪ್ರತಿ ಕಟ್ಟಡದಲ್ಲೂ ಚೀನೀಯರು, ಮಲಯರು, ಭಾರತೀಯರು ಬೆರೆತೇ ಇರಬೇಕೆಂದು ನಿಯಮವಿದೆ. ನನಗೆ ಬಹಳ ಹಿಡಿಸಿತ್ತು. ಆದರೆ ಬಾಡಿಗೆಗೆ ರೂಮು ಹುಡುಕುತ್ತಿದ್ದ ತಂಗಿಯ ಮೈದುನನಿಗೆ ಫೋನಿನಲ್ಲಿ ಹೆಸರು ಹೇಳಿದೊಡನೆಯೇ "ಈಗಷ್ಟೇ ಹೋಯಿತು" ಎಂಬ ಉತ್ತರ ಬರುತ್ತಿತ್ತು. ನಿಯಮ ಮೆಟ್ಟಿಲಿನವರೆಗೆ ಬರುತ್ತದೆ, ಬಾಗಿಲ ಚಿಲಕ ಒಳಗಿನವರ ಕೈಯಲ್ಲೇ ಇರುತ್ತದೆ. ಇಂಗ್ಲೆಂಡಿನಲ್ಲಿ ನಮ್ಮ ಬಲಪಕ್ಕದ ಮನೆಯವರು ಉಗಾಂಡಾದಿಂದ ಓಡಿಬಂದ ಗುಜರಾತಿಗಳು. ಆ ಮನೆಯ ಯಜಮಾನಿ ತಮ್ಮನ್ನು ಹೊರದಬ್ಬಿದ ದೇಶವನ್ನು ನೆನೆದು ಅಳುತ್ತಿದ್ದರು. ಅದೇ ಉಸಿರಿನಲ್ಲಿ ಅಲ್ಲಿ ತಮ್ಮ ಅಡುಗೆಮನೆಯ ಒಳಗೆ ಕರಿಯರನ್ನು ಬಿಟ್ಟುಕೊಂಡಿರಲಿಲ್ಲವೆಂದೂ ಹೇಳುತ್ತಿದ್ದರು. ದುಃಖವೂ ನಿಜ, ಹೆಮ್ಮೆಯೂ ನಿಜ. ನಾನು ತಲೆಯಾಡಿಸುತ್ತ ಚಹಾ ಕುಡಿಯುತ್ತಿದ್ದೆ.

ಎಲ್ಲರಿಗೂ ಐವತ್ತು, ಅರವತ್ತು ಹಾಕಿ, ಕೊನೆಗೆ ನಮ್ಮ ಮದ್ರಾಸಿಗೆ ನಾನು ತೊಂಬತ್ತು ಹಾಕುತ್ತಿದ್ದೆ. ಕಾರಣವಿತ್ತು. ಕಾವೇರಿಯ ಗಲಾಟೆ ಜೋರಾಗಿದ್ದ ಒಂದು ವರ್ಷ ಕರಾವಳಿಯವರ ಹೋಟೆಲುಗಳ ಬೋರ್ಡಿಗೆ ಗೋಣಿತಾಟು ಮುಚ್ಚಿದ್ದಾಗ, ನಮ್ಮ ಬೀದಿಯ ತರಕಾರಿಯಮ್ಮ ನಮ್ಮ ಗೇಟಿನೆದುರು ಬುಟ್ಟಿಯಿಟ್ಟು ಕುಳಿತು, "ಇವರು ನಮ್ಮ ಮನುಷ್ಯರು, ಯಾವನು ಬರ್ತಾನೆ ನೋಡ್ತೀನಿ" ಎಂದು ಮಧ್ಯಾಹ್ನದವರೆಗೆ ಏಳಲಿಲ್ಲ. ಯಾರೂ ಬರಲಿಲ್ಲ. ಬರುವವರಿದ್ದರೇ ಎಂಬುದೂ ಗೊತ್ತಿಲ್ಲ. ಆದರೂ ತೊಂಬತ್ತು. ಅಜ್ಜನ ಮನೆಯ ಮುಂಭಾಗದ ಪೋರ್ಶನ್ನಿಗೆ ನಾವೇ ತೂಗುಹಾಕುತ್ತಿದ್ದ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಹಲಗೆ ಆಗ ನನ್ನ ಲೆಕ್ಕಕ್ಕೆ ಬರಲಿಲ್ಲ. ಸ್ವಂತ ಮಗುವಿನ ಉತ್ತರಪತ್ರಿಕೆ ತಿದ್ದುವವರು ಹೀಗೇ ಮಾಡುತ್ತಾರೆ.

ಈಗ ಆ ವಾರದ ವಿಷಯ. ನಿಧಾನವಾಗಿ, ನಡೆದಷ್ಟನ್ನೇ ಹೇಳುತ್ತೇನೆ.

ಅಣ್ಣಾ ನಗರದ ನಮ್ಮ ಕಟ್ಟಡದಲ್ಲಿ ಹನ್ನೆರಡು ಮನೆ. ನಾವು ಮೊದಲ ಮಹಡಿ. ಮೂರನೆಯ ಮಹಡಿಯ ಒಂದು ಮನೆಯನ್ನು ಅದರ ಮಾಲೀಕರು ಉಗಾಂಡಾದಿಂದ ಬಂದ ಜೋಸೆಫ್ ಎಂಬ ಹುಡುಗನಿಗೆ ಬಾಡಿಗೆಗೆ ಕೊಟ್ಟಿದ್ದರು. ಫಾರ್ಮಸಿ ಓದುತ್ತಿದ್ದ, ಕೊನೆಯ ವರ್ಷ. ಅವನು ಬಂದಾಗ ನಮ್ಮ ಅಸೋಸಿಯೇಷನ್ನಿನಲ್ಲಿ ಗೊಣಗಾಟವಾಯಿತು. ನಾನು ಎದ್ದು ನಿಂತು ಮಸ್ಕತ್, ಇಂಗ್ಲೆಂಡ್, ಸಿಂಗಾಪುರ ಮೂರನ್ನೂ ದಾಟಿ ಮದ್ರಾಸಿನ ತೊಂಬತ್ತಕ್ಕೆ ಬರುವಷ್ಟರಲ್ಲಿ ಎಲ್ಲರೂ ಸುಸ್ತಾಗಿ ಒಪ್ಪಿದರು. ಅಂದಿನಿಂದ ಅವನು ನನ್ನನ್ನು ಕಂಡರೆ "ಗುಡ್ ಮಾರ್ನಿಂಗ್, ಆಂಟಿ" ಎನ್ನುತ್ತಿದ್ದ. "ಊಟ ಆಯ್ತಾ?" ಎಂದು ನಾನು ಇಂಗ್ಲಿಷಿನಲ್ಲಿ ಕೇಳುತ್ತಿದ್ದೆ. ಎಂಟು ತಿಂಗಳಲ್ಲಿ ನಮ್ಮ ಮಾತು ಅಷ್ಟೇ. ನಾನೊಮ್ಮೆಯೂ ಮೂರನೆಯ ಮಹಡಿ ಹತ್ತಿರಲಿಲ್ಲ.

ಕೆಳಮನೆಯ ವತ್ಸಲಾ, ಅಯ್ಯರ್ ಮನೆತನದವಳು, ಏಕಾದಶಿಯ ದಿನ ಬೆಳಗ್ಗೆ ಬೆಳ್ಳಿಯ ದೀಪವನ್ನು ಉಜ್ಜಿ ತೊಳೆದು ಹಿಂದಿನ ಜಗಲಿಯಲ್ಲಿ ಒಣಗಲಿಟ್ಟು ಪೆರುಮಾಳ್ ಗುಡಿಗೆ ಹೋಗಿದ್ದಳು. ಹತ್ತರಿಂದ ಹನ್ನೆರಡರ ನಡುವೆ. ಬಂದು ನೋಡಿದರೆ ದೀಪವಿಲ್ಲ. ಅವಳ ತಾಯಿ ತಂದಿದ್ದ ದೀಪ. ಎರಡು ದಿನ ಮನೆಯೊಳಗೇ ಹುಡುಕಿ, ನಾದಿನಿಯನ್ನು ಕೇಳಿ, ಕೇಳಿದ್ದಕ್ಕೆ ನಾದಿನಿಯ ಜೊತೆ ಮುನಿಸಾಗಿ, ಶನಿವಾರ ಸೆಕ್ರೆಟರಿ ಸೌಂದರರಾಜನ್ನರಿಗೆ ಹೇಳಿದಳು. ಭಾನುವಾರ ಬೆಳಗ್ಗೆ ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ ಸೇರಿತು. ಯಜಮಾನರು ಸಭೆಗಳಿಗೆ ಬರುವವರಲ್ಲ, ಪೇಪರು ಹಿಡಿದು ಮೇಲೆಯೇ ಉಳಿದರು.

"ಏಕಾದಶಿ ದಿನ, ಹತ್ತರಿಂದ ಹನ್ನೆರಡು. ಯಾರಾದರೂ ಹಿಂದಿನ ಗೇಟಿನ ಹತ್ತಿರ ಯಾರನ್ನಾದರೂ ನೋಡಿದಿರಾ?" ಸೌಂದರರಾಜನ್ ಕೇಳಿದರು.

ನಾನು ಕೈಯೆತ್ತಿದೆ. ಶಾಲೆಯಲ್ಲಿ ಮಕ್ಕಳ ಕೈಯೆತ್ತಿಸಿ ಎತ್ತಿಸಿ ನನಗೂ ಆ ಅಭ್ಯಾಸ. "ನೋಡಿದೆ. ಏಕಾದಶಿ ದಿನ, ಹನ್ನೊಂದು ಗಂಟೆ ಸುಮಾರಿಗೆ. ಮಜ್ಜಿಗೆ ಮೆಣಸಿನಕಾಯಿ ಒಣಗಿಸಿ ಗಿಣಿ ಕಾಯುತ್ತ ಬಾಲ್ಕನಿಯಲ್ಲಿ ನಿಂತಿದ್ದೆ. ಆ ಮೂರನೇ ಮಹಡಿ ಜೋಸೆಫ್ ಒಂದು ದೊಡ್ಡ ಚೀಲ ಹಾಕಿಕೊಂಡು ಹಿಂದಿನ ಗೇಟಿನಿಂದ ಹೋದ."

ಕುರ್ಚಿಗಳು ಒಮ್ಮೆಗೇ ಸದ್ದು ಮಾಡಿದವು. ಆ ಸದ್ದು ನನಗೆ ಇನ್ನೂ ಕೇಳಿಸುತ್ತದೆ. ಅದರಲ್ಲಿ ನನಗೆ ಸಿಕ್ಕಿದ್ದು ಸಣ್ಣದೊಂದು ಖುಷಿ, ಸರಿಯಾದ ಉತ್ತರ ಹೇಳಿದವಳ ಖುಷಿ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ.

ಯಾರೋ ಹೋಗಿ ಅವನನ್ನು ಕರೆತಂದರು. ತಲೆ ಒದ್ದೆಯಿತ್ತು, ಸ್ನಾನದಿಂದ ಎದ್ದು ಬಂದಿದ್ದ. ಗುರುವಾರ ಎಲ್ಲಿದ್ದೆ ಎಂದು ಕೇಳಿದರು.

"ಗುರುವಾರ ಕಾಲೇಜಿನಲ್ಲಿ, ಲ್ಯಾಬಿನಲ್ಲಿ. ಬೆಳಗ್ಗೆ ಎಂಟರಿಂದ."

"ಮಾಮಿ ನಿನ್ನನ್ನು ನೋಡಿದ್ದಾರೆ. ಚೀಲದ ಜೊತೆ."

ಅವನು ನನ್ನ ಕಡೆ ತಿರುಗಿದ. "ಆಂಟಿ, ಅದು ಶುಕ್ರವಾರ. ಒಗೆಯುವ ಬಟ್ಟೆ ಒಯ್ಯುತ್ತಿದ್ದೆ. ನಿಮಗೆ ಗುಡ್ ಮಾರ್ನಿಂಗ್ ಹೇಳಿದೆನಲ್ಲ."

ನೋಡಿ, ಅವನು ದಿನವನ್ನು ಸರಿಯಾಗಿಯೇ ಹೇಳಿದ್ದ. ನನಗೆ ಕೇಳಿಸಿದ್ದು ಮಾತ್ರ, ಸಿಕ್ಕಿಬಿದ್ದವನೊಬ್ಬ ದಿನ ಜರುಗಿಸುತ್ತಿದ್ದಾನೆ ಎಂದು. "ಇಲ್ಲಪ್ಪ. ನಾನು ಆವತ್ತು ಉಪವಾಸ. ಉಪವಾಸದ ದಿನ ನನಗೆ ಮರೆಯುವುದಿಲ್ಲ" ಎಂದೆ.

"ಏಕಾದಶಿ ಉಪವಾಸ ಇರೋ ಮಾಮಿ ಸುಳ್ಳು ಹೇಳ್ತಾರಾ?" ಎಂದರು ಎರಡನೇ ಮಹಡಿಯ ಮಾಮಾ. ನನ್ನ ವ್ರತವೇ ಅವನ ಮೇಲೆ ಸಾಕ್ಷಿಯಾಗಿ ಕೂತಿತು. ಅವನು ಎರಡು ಕೈಗಳನ್ನೂ ಎಲ್ಲರಿಗೂ ಕಾಣುವ ಹಾಗೆ ಮುಂದೆ ಜೋಡಿಸಿಕೊಂಡು ನಿಂತಿದ್ದ. ಹಾಗೆ ನಿಲ್ಲುವುದನ್ನು ಅವನು ಎಲ್ಲೋ ಕಲಿತಿದ್ದಾನೆ ಎಂದು ಆಗಲೇ ನನಗೆ ಅನ್ನಿಸಿತ್ತು. ಅನ್ನಿಸಿದ್ದನ್ನು ಅಲ್ಲಿಗೇ ಬಿಟ್ಟೆ.

ಸಂಜೆ ಸೌಂದರರಾಜನ್ ಪೊಲೀಸರಿಗೆ ಕೊಡುವ ದೂರನ್ನು ಟೈಪು ಮಾಡಿ ತಂದರು. ಸೋಮವಾರ ಹತ್ತು ಗಂಟೆಗೆ ಸ್ಟೇಷನ್ನಿಗೆ ಕೊಡುವುದೆಂದು ತೀರ್ಮಾನ. ಮಾಲೀಕರು ಆಗಲೇ ಫೋನಿನಲ್ಲಿ ಮನೆ ಖಾಲಿ ಮಾಡಲು ಹೇಳಿಯಾಗಿತ್ತು. "ಮುಂದಿನ ತಿಂಗಳು ಅವನ ವೀಸಾ ಮುಗೀತದಂತೆ ಮಾಮಿ. ಕೇಸು ಅಂತ ಆದರೆ ಕಾಲೇಜೂ ಇಲ್ಲ, ವೀಸಾನೂ ಇಲ್ಲ, ವಿಮಾನ ಹತ್ತಿಸ್ತಾರೆ" ಎಂದರು ಸೌಂದರರಾಜನ್, ಹವಾಮಾನ ಹೇಳುವ ದನಿಯಲ್ಲಿ. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸೌಟನ್ನು ಎಡಗೈಗೆ ತೆಗೆದುಕೊಂಡು, ಕನ್ನಡಕವಿಲ್ಲದೆ, ಅವರು ಬೆರಳಿಟ್ಟ ಕಡೆ ಸಹಿ ಮಾಡಿದೆ.

ಸೋಮವಾರ ಬೆಳಗ್ಗೆ ಒಂಬತ್ತೂಕಾಲಿಗೆ ಸಾಮಾನಿನ ಪಟ್ಟಿ ಬರೆಯಲೆಂದು ನಾಲ್ಕು ಹಾಳೆ ಒಟ್ಟಿಗೆ ಹರಿದೆ. "ಏನ್ರೀ, ಏನೇನು ಬೇಕು?" ಎಂದು ಕೂಗಿದೆ.

"ಏನಾದ್ರೂ ಬರ್ಕೋ. ಅಗಸೆ ಸೊಪ್ಪು ಮಾತ್ರ ಇನ್ನೊಂದು ತಿಂಗಳು ನನ್ನನ್ನು ಕೇಳ್ಬೇಡ" ಎಂದರು ಯಜಮಾನರು ಪೇಪರಿನ ಹಿಂದಿನಿಂದ. "ಶುಕ್ರವಾರ ಆ ಸೊಪ್ಪಿಗೆ ಮಾರ್ಕೆಟ್ಟೆಲ್ಲ ಅಲೆದೆ. ಪುಣ್ಯಕ್ಕೆ ಆ ಪಯ್ಯನ್ ಗೇಟು ಹಿಡ್ಕೊಂಡು ನಿಂತ, ಇಲ್ದಿದ್ರೆ ಆ ಸ್ಪ್ರಿಂಗಿನ ಗೇಟು ನನ್ನ ಮಂಡಿಗೆ ಬಡೀತಿತ್ತು."

"ಯಾವ ಪಯ್ಯನ್?"

"ಅವನೇ, ಮೇಲಿನ ಜೋಸೆಫ್. ಬಟ್ಟೆ ಗಂಟು ಹಾಕ್ಕೊಂಡು ಹೋಗ್ತಿದ್ದ. ನೀನು ಮೇಲೆ ನಿಂತು ಗಿಣಿ ಓಡಿಸ್ತಿದ್ದೆಯಲ್ಲ."

ಅಗಸೆ ಸೊಪ್ಪು ದ್ವಾದಶಿಗೆ. ದ್ವಾದಶಿಯ ಸೊಪ್ಪನ್ನು ಹಿಂದಿನ ದಿನ ತರುತ್ತೇವೆ. ಹಿಂದಿನ ದಿನ ಏಕಾದಶಿ. ನಾನು ಕೈಯಲ್ಲಿದ್ದ ಹಾಳೆಯನ್ನು ತಿರುಗಿಸಿದೆ. ಗುರುವಾರದ ಹಾಳೆ. ಅದರ ಮೇಲೆ ತಮಿಳಿನಲ್ಲಿ ಏಕಾದಶಿ ಎಂದಿತ್ತು. ಪಂಚಾಂಗವನ್ನು ದಾರ ಸಮೇತ ಕಿತ್ತು ತೆಗೆದು ನೋಡಿದೆ. ನನ್ನದೇ ಪೆನ್ಸಿಲಿನ ಸುತ್ತು ಶುಕ್ರವಾರದ ಮೇಲೆ. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದೆ. ಶುಕ್ರವಾರವೇ.

ವತ್ಸಲಾ ಗುಡಿಗೆ ಹೋದದ್ದು ಅವಳ ಏಕಾದಶಿಗೆ. ನಾನು ಬಾಲ್ಕನಿಯಲ್ಲಿ ನಿಂತದ್ದು ನನ್ನ ಏಕಾದಶಿಗೆ. ದೀಪ ಹೋಗಿ ಒಂದು ದಿನವಾದ ಮೇಲೆ ನಾನು ಅವನನ್ನು ನೋಡಿದ್ದೆ. ಇಡೀ ಕಟ್ಟಡದಲ್ಲಿ ಈ ವ್ಯತ್ಯಾಸ ತಿಳಿಯಬಹುದಾಗಿದ್ದ ಒಬ್ಬಳೇ ಒಬ್ಬಳು ಸಾಕ್ಷಿ ಹೇಳಿದ್ದಳು.

ಸೌಂದರರಾಜನ್ನರ ಫೋನು ಹೊಡೆದುಕೊಂಡೇ ಇತ್ತು, ಎತ್ತಲಿಲ್ಲ. ಮನೆಗೆ ಹೋದರೆ, "ಅವರು ಆಗ್ಲೇ ಸ್ಕೂಟರಿನಲ್ಲಿ ಹೋದ್ರಲ್ಲ ಮಾಮಿ" ಎಂದಳು ಅವರ ಹೆಂಡತಿ. ಮನೆಯಲ್ಲಿ ಉಟ್ಟ ಹಳೇ ಸೀರೆಯಲ್ಲೇ ಆಟೋ ಹತ್ತಿದೆ. ಪೊಲೀಸ್ ಸ್ಟೇಷನ್ ಎಂದೊಡನೆ ಆಟೋದವನು ಕನ್ನಡಿಯಲ್ಲಿ ನನ್ನನ್ನು ನೋಡಿ, "ಚೈನ್ ಎಳ್ಕೊಂಡು ಹೋದ್ರಾಮ್ಮಾ?" ಎಂದ. "ಇಲ್ಲಪ್ಪ, ನಾನೇ ಎಳೆದದ್ದು" ಎಂದೆ.

ಸ್ಟೇಷನ್ನಿಗೆ ಮುಂಚಿನ ತಿರುವಿನಲ್ಲಿ ಒಂದು ಜೆರಾಕ್ಸ್ ಅಂಗಡಿಯಿದೆ. ಸೌಂದರರಾಜನ್ ಅಲ್ಲಿ ನಿಂತಿದ್ದರು. ದೂರಿಗೆ ಎರಡು ಪ್ರತಿ ಬೇಕಂತೆ, ಮೆಷಿನ್ನಿನಲ್ಲಿ ಕಾಗದ ಸಿಕ್ಕಿಕೊಂಡಿತ್ತು. ಆ ಸಿಕ್ಕಿಕೊಂಡ ಕಾಗದಕ್ಕೆ ನಾನು ಜೀವಮಾನವಿಡೀ ಋಣಿ. ಕೈಗಾಡಿ, ಬಸ್ಸು, ಹಾರ್ನುಗಳ ನಡುವೆ ನಿಂತು ದಶಮಿಯ ಸೋಂಕಿನಿಂದ ಹಿಡಿದು ಎಲ್ಲವನ್ನೂ ವಿವರಿಸಿದೆ.

"ಒಂದೇ ಊರಿನಲ್ಲಿ ಎರಡು ಏಕಾದಶಿಯಾ ಮಾಮಿ?" ಎಂದರು ಅವರು, ನಾನೇ ಆ ಎರಡನೆಯದನ್ನು ಆಗ ಹುಟ್ಟಿಸಿದವಳ ಹಾಗೆ.

ಕಾಗದ ಬಿಡಿಸುತ್ತಿದ್ದ ಅಂಗಡಿಯ ಭಾಯಿ ತಲೆಯೆತ್ತಿದರು. "ಇರತ್ತೆ ಸಾರ್. ನಮ್ಮ ಮಾವನ ಊರಲ್ಲಿ ಒಂದು ವರ್ಷ ಪಿರೈ, ಅದೇ ರಂಜಾನ್ ಚಂದ್ರ, ಮೊದಲೇ ಕಂಡುಬಿಡ್ತು. ಅಲ್ಲಿ ಹಬ್ಬದ ಬಿರಿಯಾನಿ, ಇಲ್ಲಿ ನಮಗಿನ್ನೂ ನೋನ್ಬು, ಉಪವಾಸ. ಹೆಂಡತಿ ವಿಡಿಯೋ ಕಾಲಿನಲ್ಲಿ ತಿಂದು ತೋರಿಸಿದಳು." ಅವರಿಗೆ ಚಂದ್ರ, ನಮಗೆ ದಶಮಿ.

ಸೌಂದರರಾಜನ್ ನಗಲಿಲ್ಲ. "ಸರಿ ಮಾಮಿ, ಶುಕ್ರವಾರ ಅಂತಲೇ ಇಟ್ಕೊಳ್ಳೋಣ. ಚೀಲ ಇತ್ತಲ್ಲ? ಎರಡನೇ ಸಲ ಬಂದಿರಬಹುದಲ್ಲ? ಪೊಲೀಸರು ವಿಚಾರಿಸಲಿ, ನಮಗೇನು?"

ಕೆಟ್ಟ ಮನುಷ್ಯರಲ್ಲ ಅವರು. ನನ್ನ ಗ್ಯಾಸ್ ಸಿಲಿಂಡರ್ ಎತ್ತಿ ಕೊಟ್ಟವರು. ಅವರು ಹೇಳಿದ್ದು ನನ್ನೊಳಗೇ ಇದ್ದ ಮಾತು, ಭಾನುವಾರ ಆ ಕುರ್ಚಿಯಲ್ಲಿ ಕೂತವಳ ಮಾತು. ಆದ್ದರಿಂದ ನನಗೆ ಸಿಟ್ಟು ಬರಲಿಲ್ಲ. ಆಟೋದಲ್ಲಿ ಬರುವಾಗ ನಾನು ಇನ್ನೊಂದು ಕೆಲಸ ಮಾಡಿದ್ದೆ. ಗುರುವಾರದ ಆ ಹಾಳೆಯ ಹಿಂಬದಿಯಲ್ಲಿ, ಶುಕ್ರವಾರ ಮೆಣಸಿನಕಾಯಿ ಕಾದ ಒಂದು ಗಂಟೆಯಲ್ಲಿ ಹಿಂದಿನ ಗೇಟಿನಿಂದ ಹೋದವರನ್ನು ಒಬ್ಬೊಬ್ಬರನ್ನಾಗಿ ನೆನೆದು ಬರೆದಿದ್ದೆ. ಆಟೋದ ಕುಲುಕಿಗೆ ಅಕ್ಷರ ಎತ್ತೆತ್ತಲೋ ಹೋಗಿತ್ತು. ಓದಿ ಹೇಳಿದೆ: "ಇಸ್ತ್ರಿಯವನು, ಗಂಟಿನ ಜೊತೆ. ಹೂವಿನವಳು, ಬುಟ್ಟಿ. ನೀರಿನ ಕ್ಯಾನಿನವನು. ಎರಡನೇ ಮಹಡಿ ಸೊಸೆ, ಜಿಮ್ಮಿನ ಬ್ಯಾಗು. ಕೊರಿಯರ್‌ನವನು. ಜೋಸೆಫ್. ನಮ್ಮೆಜಮಾನರು, ಬಟ್ಟೆ ಚೀಲ. ಆಮೇಲೆ ನೀವು, ಹಳೇ ಪೇಪರಿನ ದೊಡ್ಡ ಮೂಟೆ. ಎಂಟು ಜನ. ಎಲ್ಲರ ಕೈಯಲ್ಲೂ ಏನಾದರೂ ಇತ್ತು. ಆ ಕಾಗದ ಕೊಡೋದಾದರೆ ಇದನ್ನೂ ಜೊತೆಗೆ ಕೊಡಿ."

ಅವರು ಪಟ್ಟಿಯನ್ನು ನೋಡಿದರು. ನನ್ನ ಮುಖ ನೋಡಿದರು.

"ಭಾನುವಾರ ನೀವು ಒಬ್ಬನ ಹೆಸರು ಮಾತ್ರ ಹೇಳಿದಿರಲ್ಲ ಮಾಮಿ."

"ಆಮಾ, ಹೌದು. ಒಬ್ಬನದು ಮಾತ್ರ ಹೇಳಿದೆ."

ಸುಳ್ಳು ಹೇಳಲೆಂದು ಹೇಳಿದ್ದಲ್ಲ. ಉಳಿದ ಏಳು ಜನ ನನಗೆ ಕಂಡೇ ಇರಲಿಲ್ಲ. ಅವರು ಗಾಳಿ ಹೋಗುವ ಹಾಗೆ ಹೋದರು, ಅವನು ಹೋದದ್ದು ಮಾತ್ರ ಅಚ್ಚಾಯಿತು. ಮಸ್ಕತ್ತಿನಲ್ಲಿ, ಇಂಗ್ಲೆಂಡಿನಲ್ಲಿ, ಸಿಂಗಾಪುರದಲ್ಲಿ ಎದುರಿನವರ ಕಣ್ಣಿನಲ್ಲಿ ಏನಿರುತ್ತದೆ ಎಂದು ಇಷ್ಟು ವರ್ಷ ತಿಳಿಯಲು ನೋಡಿದ್ದೆ. ದ್ವೇಷವಿರಬಹುದೆಂದು ಊಹಿಸಿದ್ದೆ. ಇರಲಿಕ್ಕಿಲ್ಲ. ಬಹುಶಃ ನನ್ನಂಥವರು ಬಾಲ್ಕನಿಯಲ್ಲಿ ಮೆಣಸಿನಕಾಯಿ ಕಾಯುತ್ತ ನಿಂತಿದ್ದರು, ಅಷ್ಟೇ.

"ಕೊಡಿ" ಎಂದು ಕೈಚಾಚಿದೆ. ಸೌಂದರರಾಜನ್ ಸ್ವಲ್ಪ ಹೊತ್ತು ಕಾಗದವನ್ನು ಹಿಡಿದೇ ಇದ್ದರು. ನಂತರ ಮಡಚಿ ನನ್ನ ಅಂಗೈಯಲ್ಲಿಟ್ಟು, "ವತ್ಸಲಾಗೆ ನೀವೇ ಹೇಳಬೇಕು, ನನಗಾಗಲ್ಲ" ಎಂದರು. ಅಂಗಡಿಯ ಭಾಯಿ ಜೆರಾಕ್ಸ್ ಆಗಲಿಲ್ಲವೆಂದು ಏನೂ ತೆಗೆದುಕೊಳ್ಳಲಿಲ್ಲ. ಮನೆಗೆ ನಡೆದೇ ಬಂದೆ. ಬೀಳುವ ಮೊದಲು ಕಂಬ ಸಿಕ್ಕವಳ ಹಾಗೆ.

ವತ್ಸಲಾ ಅತ್ತಳು. ದೀಪ ಅವಳಿಗೆ ಸಿಗಲಿಲ್ಲ, ಇಂದಿಗೂ ಸಿಕ್ಕಿಲ್ಲ. ಯಾರು ತೆಗೆದರೋ ನನಗೆ ಗೊತ್ತಿಲ್ಲ. ಅವಳು ಕಣ್ಣೊರೆಸಿಕೊಂಡು, "ಬೇರೆ ಯಾರ ಮೇಲೋ ತಪ್ಪು ಹಾಕಿ ನನಗೆ ದೀಪ ಬೇಡ ಮಾಮಿ" ಎಂದಳು. ಆ ದಿನ ನಾನು ಕೇಳಿದ ಅತ್ಯಂತ ದೊಡ್ಡ ಮಾತು ಅದು.

ಸಂಜೆ ಆರಕ್ಕೆ ಮೂರನೆಯ ಮಹಡಿಗೆ ಹೊರಟೆ. ಲಿಫ್ಟಿದೆ, ಆದರೂ ಮೆಟ್ಟಿಲು ಹತ್ತಿದೆ. ಹತ್ತುವಾಗ ಇಂಗ್ಲೆಂಡಿನ ಒಂದು ವಿಷಯ ನೆನಪಾಯಿತು. ನಮ್ಮ ಎಡಪಕ್ಕದ ಮನೆಯ ಮುದುಕಿ ಬಹಳ ಒಳ್ಳೆಯವಳು, ಚಳಿಗಾಲದಲ್ಲಿ ನಮ್ಮ ಮೆಟ್ಟಿಲಿನ ಹಿಮವನ್ನೂ ಗುಡಿಸುತ್ತಿದ್ದಳು. ಬೀದಿಯ ಒಂದು ಕಾರಿನ ಗಾಜು ಒಡೆದಾಗ 'ಒಬ್ಬ ಭಾರತೀಯ ಮಹಾಶಯ'ನನ್ನು ಹತ್ತಿರದಲ್ಲಿ ಕಂಡೆನೆಂದು ಅವಳು ಪೊಲೀಸರಿಗೆ ಹೇಳಿದ್ದಳು. ಇಬ್ಬರು ಪೊಲೀಸರು ಬಂದು ಬಹಳ ಮರ್ಯಾದೆಯಿಂದ ಯಜಮಾನರನ್ನು ಒಂದು ಗಂಟೆ ಪ್ರಶ್ನಿಸಿದರು. ತಪ್ಪು ಗೊತ್ತಾದ ಮೇಲೆ ಅವಳು ಬಾಗಿಲಲ್ಲಿ ಒಂದು ಜಾಮಿನ ಬಾಟಲಿ ಇಟ್ಟುಹೋದಳು. ಮಾತಿಲ್ಲ. ಅದರಲ್ಲಿ ಏನೇನು ಹಾಕಿದ್ದಾಳೋ ಎಂದು ನಾವು ತಿನ್ನಲೂ ಇಲ್ಲ, ಬಿಸಾಡಲೂ ಇಲ್ಲ. ಊರು ಬಿಡುವವರೆಗೂ ಅದು ಫ್ರಿಜ್ಜಿನಲ್ಲಿತ್ತು. ಈಗ ಮನೆಯಿಂದ ಹೊರಡುವ ಮುಂಚೆ ನಾನೂ ಸಣ್ಣ ಡಬ್ಬಿಗೆ ಮೈಸೂರುಪಾಕು ತುಂಬಿ ಕೈಯಲ್ಲಿ ಹಿಡಿದಿದ್ದೆ. ಎರಡನೇ ಮಹಡಿಯ ತಿರುವಿನಿಂದ ಕೆಳಗಿಳಿದು ಡಬ್ಬಿಯನ್ನು ಮನೆಯಲ್ಲಿಟ್ಟು, ಬರಿಗೈಯಲ್ಲಿ ಮತ್ತೆ ಹತ್ತಿದೆ.

ಅವನು ಬಾಗಿಲು ಅರ್ಧ ತೆರೆದ. ಹಿಂದೆ ನೆಲದ ಮೇಲೆ ಎರಡು ಸೂಟ್‌ಕೇಸು ಬಾಯ್ತೆರೆದು ಬಿದ್ದಿದ್ದವು. ಗೋಡೆಯಿಂದ ತೆಗೆದ ಫೋಟೋಗಳು ಟವೆಲ್ಲಿನಲ್ಲಿ ಸುತ್ತಿದ್ದವು.

"ನಾನು ನಿನ್ನನ್ನು ನೋಡಿದ್ದು ಶುಕ್ರವಾರ. ಗುರುವಾರ ಅಲ್ಲ. ನನ್ನದೇ ತಪ್ಪು" ಎಂದೆ. "ಕಾಗದ ಹಿಂದಕ್ಕೆ ತಗೊಂಡು ಬಂದಿದೀನಿ, ಪೊಲೀಸಿಗೆ ಹೋಗಿಲ್ಲ. ನಿನ್ನ ಮನೆ ಮಾಲೀಕರಿಗೂ ಫೋನು ಮಾಡಿ ಹೇಳಿದ್ದೀನಿ, ನೀನು ಖಾಲಿ ಮಾಡಬೇಕಾಗಿಲ್ಲ. ಎಲ್ಲರ ಮುಂದೆ ಹೇಳಿದ್ದನ್ನು ಮುಂದಿನ ಭಾನುವಾರ ಎಲ್ಲರ ಮುಂದೆಯೇ ತಪ್ಪು ಅಂತ ಹೇಳ್ತೀನಿ." ಏಕಾದಶಿಯ ವಿವರಕ್ಕೆ ಬಾಯಿ ತೆರೆದೆ, ಮತ್ತೆ ಮುಚ್ಚಿಕೊಂಡೆ. ಅದು ಅವನಿಗೆ ಬೇಕಾದದ್ದಲ್ಲ.

"ನಾನು ಶುಕ್ರವಾರ ಅಂತಲೇ ಹೇಳಿದೆ, ಆಂಟಿ" ಎಂದ.

"ಹೇಳಿದೆ. ನಾನು ಕೇಳಲಿಲ್ಲ."

ಅವನು ಸೂಟ್‌ಕೇಸಿನ ಅಂಚಿನ ಮೇಲೆ ಕುಸಿದು ಕುಳಿತ. ಫೋನು ತೆಗೆದು ಯಾರಿಗೋ ಕರೆ ಮಾಡಿ ತನ್ನ ಭಾಷೆಯಲ್ಲಿ ಮಾತಾಡತೊಡಗಿದ. ನನಗೆ ಒಂದಕ್ಷರ ತಿಳಿಯಲಿಲ್ಲ. ಆಚೆಯಿಂದ ಒಂದು ಹೆಣ್ಣು ದನಿ ಏರಿತು, ತಡೆಯಿತು, ಮತ್ತೆ ಏರಿತು. ಅವನು ಎದ್ದು ಬಾಗಿಲನ್ನು ಪೂರ್ತಿ ತೆರೆದು ಫೋನನ್ನು ನನ್ನ ಕಡೆ ಚಾಚಿದ. "ನನ್ನ ಅಮ್ಮ. ನಿಮ್ಮ ಹತ್ತಿರ ಮಾತಾಡಬೇಕಂತೆ."

ನಾನು ಒಳಗೆ ಹೆಜ್ಜೆಯಿಟ್ಟು ಫೋನು ತೆಗೆದುಕೊಂಡೆ.

"ನನ್ನ ಮಗನನ್ನು ನೋಡಿದ ಹೆಂಗಸು ನೀವೇನಾ?" ನಿಧಾನವಾದ, ಬಿಡಿಬಿಡಿಯಾದ ಇಂಗ್ಲಿಷು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ.

"ಹೌದು, ನಾನೇ."

"ಯಾವ ದಿನ ನೋಡಿದಿರಿ?"

"ಶುಕ್ರವಾರ."

ಆಚೆ ಯಾರನ್ನೋ ಹತ್ತಿರ ಕರೆದ ಸದ್ದು. ಗಂಡನಿರಬಹುದು, ನೆರೆಯವರಿರಬಹುದು. ಕುರ್ಚಿಯೊಂದನ್ನು ಎಳೆದರು.

"ಇನ್ನೊಂದು ಸಲ ಹೇಳಿ. ಜೋರಾಗಿ. ಇವರಿಗೂ ಕೇಳಿಸಲಿ."

"ಶುಕ್ರವಾರ" ಎಂದೆ, ಹಿಂದಿನ ಬೆಂಚಿಗೂ ಕೇಳುವ ಹಾಗೆ.